ತಿಂಗಳು ತುಂಬದ ಕೂಸಿಗೆ ಒಳಲೆಯೋ, ಬಾಟಲಿಯೋ?

ನನ್ನ ಮಗಳು ಹುಟ್ಟಿದ್ದು ಬಸಿರಿನ 31 ವಾರಕ್ಕೆ, 1,450 ಗ್ರಾಂ. ಪೆರ್ಲದಿಂದ ಮಂಗಳೂರಿನ ಆಸ್ಪತ್ರೆಗೆ ಓಡಿದ್ದೆವು. ಮೊದಲ ಎರಡು ವಾರ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲೇ ಹಾಲು. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಬಸಿರಿನ ಲೆಕ್ಕದಲ್ಲೇ ಸುಮಾರು 34 ವಾರ ಆಗಬೇಕಂತೆ.

ಅದೇ ಲೆಕ್ಕದ 33ನೇ ವಾರಕ್ಕೆ ಒಳಲೆ ಬಂತು, ಕೂಸಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು. ಮಲಯಾಳಿ ನರ್ಸ್ ಅದನ್ನು ಗೋಕರ್ಣ ಅಂದರು. ಅಮ್ಮ ನನಗೆ ಹಾಲು ಹಾಕಿದ್ದ ಬೆಳ್ಳಿಯ ಒಳಲೆ ಮನೆಯಲ್ಲಿತ್ತು. ಆದರೆ ಇವರು ಕೊಟ್ಟದ್ದು ಸ್ಟೀಲಿನದು, ದಿನಾ ಕುದಿಸಲು ಸುಲಭ. ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ ಸ್ವಲ್ಪವೇ ಬಗ್ಗಿಸಬೇಕು. ನುಂಗಿದ ಮೇಲೆ ಮತ್ತೆ ಸ್ವಲ್ಪ. 25 ಮಿ.ಲೀ.ಗೆ ಅರ್ಧ ಗಂಟೆ! ಗಲ್ಲದ ಕೆಳಗಿನ ಬಟ್ಟೆಗೂ ಒಂದಿಷ್ಟು ಹೋಗುತ್ತಿತ್ತು. ಹಿಂಡಿ ತೆಗೆದ ಹಾಲು ಹಾಗೆ ಚೆಲ್ಲುವಾಗ ಅಳು ಬರುತ್ತಿತ್ತು.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಬಾಟಲಿ ತಂದರು. ಹತ್ತೇ ನಿಮಿಷದಲ್ಲಿ ಖಾಲಿ. ಎಲ್ಲರಿಗೂ ಖುಷಿ. ಮೂರನೇ ರಾತ್ರಿ ಅವಳ ತುಟಿ ನೀಲಿಯಾಯಿತು. ನಿಪ್ಪಲಿನಿಂದ ಹಾಲು ಸುರಿಯುತ್ತಿತ್ತು, ಅವಳಿಗೆ ಉಸಿರು ತೆಗೆಯಲು ಬಿಡುವೇ ಇರಲಿಲ್ಲ. ಬಾಟಲಿ ತೆಗೆದು ಎತ್ತಿಕೊಂಡ ಮೇಲೆ ಸರಿಯಾದಳು. ಆಸ್ಪತ್ರೆಗೆ ತೋರಿಸಿ ಬಂದೆವು. ಆಮೇಲೆ ನಾನು ಬಾಟಲಿ ಮುಟ್ಟಲಿಲ್ಲ. ಒಳಲೆಯಲ್ಲಿ ನನ್ನ ಕೈ ನಿಲ್ಲುತ್ತದೆ, ಬಾಟಲಿಯಲ್ಲಿ ಹಾಲು ನಿಲ್ಲುವುದಿಲ್ಲ. ಅದನ್ನು ತೊಳೆಯುವುದೂ ಕಷ್ಟ.

ಆದರೆ ಒಳಲೆಯಿಂದ ಹೊಟ್ಟೆ ತುಂಬುತ್ತದೆ, ಚೀಪಲು ಬರುವುದಿಲ್ಲ. ಅದನ್ನು ಕಲಿಸಿದ್ದು ಖಾಲಿ ಎದೆ. ನಳಿಗೆಯಲ್ಲಿ ಹಾಲು ಹೋಗುವಾಗಲೇ, ಹಾಲು ಹಿಂಡಿ ತೆಗೆದ ಎದೆಗೆ ಅವಳನ್ನು ಒತ್ತಿಕೊಂಡು ಕೂರುತ್ತಿದ್ದೆ, ಕಾಂಗರೂ ಥರ ಮೈಗೆ ಮೈ ತಾಗಿಸಿ. ಮೈಗೆ ಮೈ ತಾಗಿಸುವ ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಹಿಂಡಿದ ಎದೆಯಲ್ಲಿ ಹಾಲು ಇಲ್ಲದ್ದರಿಂದ ನೆತ್ತಿಗೇರುವ ಭಯ ಕಡಿಮೆ. ಮೊದಲ ದಿನ ಸುಮ್ನೆ ನೆಕ್ಕಿದಳು. ಆಮೇಲೆ ಎರಡು ಸಲ ಚೀಪಿ ನಿದ್ದೆ. ವಾರ ಕಳೆಯುವಾಗ ಒಂದೇ ಉಸಿರಿಗೆ ಏಳೆಂಟು ಸಲ ಚೀಪಿದಳು. ನಾನು ಮೈಯೆಲ್ಲ ಕಿವಿಯಾಗಿ ಎಣಿಸಿದ್ದೆ.

ತೊಳೆದ ಕಿರುಬೆರಳು ಚೀಪಿಸುವುದನ್ನೂ ಹೇಳಿಕೊಟ್ಟಿದ್ದರು. ಉಗುರಿನ ಹೆದರಿಕೆ ಇದ್ದದ್ದರಿಂದ ಅದನ್ನು ಅವಳ ಅಪ್ಪ ಮಾತ್ರ ಮಾಡುತ್ತಿದ್ದರು.

37ನೇ ವಾರಕ್ಕೆ ಒಳಲೆ ರಾತ್ರಿ ಎರಡು ಸಲಕ್ಕೆ ಇಳಿಯಿತು, ಉಳಿದದ್ದೆಲ್ಲ ಎದೆಯಲ್ಲೇ. ನಿಮ್ಮ ಮಗುವಿನ ನಳಿಗೆ ಈಗಷ್ಟೇ ತೆಗೆದಿದ್ದರೆ, ಮನೆಗೆ ಹೊರಡುವ ಮೊದಲು ನರ್ಸ್ ಎದುರಿಗೇ ನಾಲ್ಕೈದು ಸಲ ಒಳಲೆ ಹಿಡಿದು ತೋರಿಸಿ. ಅಜ್ಜಿಗೂ ಕಲಿಸಿ, ರಾತ್ರಿ ನಿಮಗೆ ನಿದ್ದೆ ಬೇಕಲ್ವಾ.