ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದ ಸೆಮಿಸ್ಟರ್: ಹಾಸ್ಟೆಲ್, ಅಜ್ಜಿ ಮನೆ, ವೇಗೇ – ಎಲ್ಲಿರೋದು ವಾಸಿ?

ಜರ್ಮನಿಗೆ ಮಾಸ್ಟರ್ಸ್ ಓದಲು ಬಂದ ನಮ್ಮಲ್ಲಿ ಬಹಳ ಜನಕ್ಕೆ ಒಂದು ಸೆಮಿಸ್ಟರ್ ಕಂಪನಿಯಲ್ಲಿ ಕೆಲಸ ಮಾಡುವುದು ಕೋರ್ಸಿನ ಭಾಗ. ನನ್ನ ಓದು ಪೂರ್ವದ ಕೆಮ್ನಿಟ್ಸ್‌ನಲ್ಲಿ. ಇಂಟರ್ನ್‌ಶಿಪ್ ಸಿಕ್ಕಿದ್ದು ದೇಶದ ಇನ್ನೊಂದು ಮೂಲೆಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್‌ನಲ್ಲಿ. ಬೆಂಗಳೂರಿನ ಮೆಕ್ಯಾನಿಕಲ್ ಹುಡುಗರಿಗೆ ಈ ಸೀಮೆಯ ಹೆಸರು ಹೊಸದೇನಲ್ಲ. ಆಡುಗೋಡಿಯಲ್ಲಿರುವ ಬಾಷ್ ಕಂಪನಿ 1886ರಲ್ಲಿ ಹುಟ್ಟಿದ್ದೇ ಸ್ಟುಟ್‌ಗಾರ್ಟ್‌ನಲ್ಲಿ.

ಇಲ್ಲಿ ಕೆಲಸ ಹುಡುಕುವುದು ಕಷ್ಟ. ಆರು ತಿಂಗಳ ಮಟ್ಟಿಗೆ ರೂಮ್ ಹುಡುಕುವುದು ಅದಕ್ಕಿಂತ ಕಷ್ಟ. ಸಿಕ್ಕಿದ ಕಡೆ ಸಿಕ್ಕಿದಷ್ಟು ಕಾಲ ಇದ್ದು ಒಂದೇ ಸೆಮಿಸ್ಟರ್‌ನಲ್ಲಿ ಮೂರು ತರದ ವಾಸ ನೋಡಿದೆ: ವಿದ್ಯಾರ್ಥಿ ಹಾಸ್ಟೆಲ್, ಒಬ್ಬರು ಅಜ್ಜಿಯ ಮನೆಯ ಮಹಡಿ ರೂಮ್, ಆಮೇಲೆ ವೇಗೇ, ಅಂದರೆ ಮೂರು ಜನ ಸೇರಿ ಹಂಚಿಕೊಂಡ ಫ್ಲ್ಯಾಟ್. ರೂಮ್ ನೋಡುವಾಗ ಎಲ್ಲರೂ ಬಾಡಿಗೆ ಎಷ್ಟು, ಆಫೀಸಿಗೆ ಎಷ್ಟು ದೂರ ಅಂತ ಕೇಳುತ್ತಾರೆ. ಕೇಳಲೇಬೇಕು. ಕೋರ್ಸಿನ ಭಾಗವಾದ ಇಂಟರ್ನ್‌ಶಿಪ್‌ಗೆ ಇಲ್ಲಿನ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ, ಕಂಪನಿ ಕೊಟ್ಟಷ್ಟೇ ಸಂಬಳ. ಆದರೆ ಕೆಲಸದ ಸೆಮಿಸ್ಟರ್‌ನಲ್ಲಿ ಅದಕ್ಕಿಂತ ಮುಖ್ಯವಾದದ್ದು ಆ ಮನೆಯವರು ಎಷ್ಟೊತ್ತಿಗೆ ಏಳುತ್ತಾರೆ, ಎಷ್ಟೊತ್ತಿಗೆ ಮಲಗುತ್ತಾರೆ ಅನ್ನುವುದು. ಮೂರೂ ಕಡೆ ಇದ್ದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ.

ಮೊದಲು ಹಾಸ್ಟೆಲ್. ಸ್ಟುಟ್‌ಗಾರ್ಟ್ ಯುನಿವರ್ಸಿಟಿಯ ಫೈಹಿಂಗೆನ್ ಕ್ಯಾಂಪಸ್‌ನಲ್ಲಿ ಒಬ್ಬ ಹುಡುಗ ಎಕ್ಸ್‌ಚೇಂಜ್‌ಗೆ ಬೇರೆ ದೇಶಕ್ಕೆ ಹೋಗಿದ್ದ. ಅವನ ರೂಮನ್ನು ಅನುಮತಿ ಪಡೆದು ಒಳಬಾಡಿಗೆಗೆ ತೆಗೆದುಕೊಂಡೆ. ಮೂರರಲ್ಲಿ ಅಗ್ಗದ್ದು ಇದೇ. ಮಂಚ, ಮೇಜು, ಕಪಾಟು ಎಲ್ಲ ಇತ್ತು. ಹೀಟಿಂಗ್, ಕರೆಂಟು, ಇಂಟರ್ನೆಟ್ ಎಲ್ಲವೂ ಬಾಡಿಗೆಯಲ್ಲೇ ಸೇರಿತ್ತು. ಯುನಿವರ್ಸಿಟಿ ಸ್ಟೇಷನ್‌ನಿಂದ ಎಸ್1 ಅನ್ನುವ ಲೋಕಲ್ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಬೋಬ್ಲಿಂಗೆನ್. ಮೇಲಿನ ಮಹಡಿಯಲ್ಲಿ ದಾವಣಗೆರೆ ಕಡೆಯ ಇಬ್ಬರಿದ್ದರು. ಶನಿವಾರ ಸೇರಿ ಬಿಸಿಬೇಳೆಬಾತ್ ಮಾಡುತ್ತಿದ್ದೆವು, ಇಂಗಿನ ವಾಸನೆಗೆ ಯಾರೂ ಮೂಗು ಮುರಿಯುತ್ತಿರಲಿಲ್ಲ.

ಹೊಂದದೇ ಹೋದದ್ದು ಹೊತ್ತು. ನಾನು ಏಳಕ್ಕೆ ಮುಂಚಿನ ರೈಲು ಹಿಡಿಯಬೇಕು, ಅಲ್ಲಿನ ಹುಡುಗರ ದಿನ ಶುರುವಾಗುವುದೇ ಹತ್ತಕ್ಕೆ. ಬುಧವಾರ ರಾತ್ರಿ ಒಂದು ಗಂಟೆಗೆ ಅಡುಗೆಮನೆಯಲ್ಲಿ ಹಾಡು. ಅವರನ್ನು ದೂರುವ ಹಾಗಿಲ್ಲ. ಅದು ಅವರ ಓದಿನ ಸೆಮಿಸ್ಟರ್, ಹಾಗೇ ಇರಬೇಕು. ಸಂಜೆ ಏಳಕ್ಕೆ ದಣಿದು ಬಂದರೆ ಒಲೆಯ ನಾಲ್ಕೂ ಪ್ಲೇಟ್ ಮೇಲೆ ಬೇರೆಯವರ ಪಾತ್ರೆ. ಅನ್ನಕ್ಕೆ ಇಡುವಷ್ಟರಲ್ಲಿ ಒಂಬತ್ತೂವರೆ. ಮಧ್ಯಾಹ್ನ ಮೀಟಿಂಗಿನಲ್ಲಿ ಕಣ್ಣು ಎಳೆಯುತ್ತಿತ್ತು.

ಆಮೇಲೆ ಹೋಲ್ಟ್ಸ್‌ಗೆರ್ಲಿಂಗೆನ್. ಬೋಬ್ಲಿಂಗೆನ್‌ನಿಂದ ಷೋನ್‌ಬುಖ್ ಕಾಡಿನ ಕಡೆ ಹೋಗುವ ಪುಟ್ಟ ರೈಲಿನ ದಾರಿಯಲ್ಲಿದೆ. ಮಕ್ಕಳು ದೂರ ಹೋದ ಮೇಲೆ ಮಹಡಿಯ ರೂಮನ್ನು ಬಾಡಿಗೆಗೆ ಕೊಟ್ಟಿದ್ದ ಅಜ್ಜಿ. ಅಡುಗೆಮನೆ, ಬಚ್ಚಲು ಇಬ್ಬರಿಗೂ ಸೇರಿ. ಬೆಳಗ್ಗೆ ಐದೂವರೆಗೇ ಅವರ ಕಾಫಿ ವಾಸನೆ ಮೇಲಕ್ಕೆ ಬರುತ್ತಿತ್ತು. ನಿದ್ದೆಗೆ ಇಂಥ ಮನೆ ಇನ್ನೊಂದಿಲ್ಲ. ಆಫೀಸಿಗೂ ಇದೇ ಹತ್ತಿರ.

ಕಲಿತದ್ದೂ ಇಲ್ಲಿಯೇ ಜಾಸ್ತಿ. ಎಷ್ಟೇ ಚಳಿ ಇರಲಿ, ಬೆಳಗ್ಗೆ ಎದ್ದ ಕೂಡಲೇ ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆಗೆಯಬೇಕು. ಐದು ನಿಮಿಷ ಬಿಟ್ಟು ಮುಚ್ಚಬೇಕು. ಇಲ್ಲದಿದ್ದರೆ ಉಸಿರಿನ, ಸ್ನಾನದ, ಅಡುಗೆಯ ತೇವ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಅಜ್ಜಿ ಬಂದು ಕಿಟಕಿಯ ಅಂಚನ್ನು ಬೆರಳಲ್ಲಿ ಒರೆಸಿ ನೋಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕರೆದರು: ಬೇಯಿಸಿದ ಇಡೀ ಮಸೂರ, ಜೊತೆಗೆ ಸ್ಪೇಟ್ಸ್‌ಲೆ ಅನ್ನುವ ಮೊಟ್ಟೆ-ಮೈದಾ ಶಾವಿಗೆ. ಈ ಸೀಮೆಯವರ ಮನೆಯೂಟ ಇದು. ನಾನು ಮಾಂಸ ತಿನ್ನುವುದಿಲ್ಲವೆಂದು ಸಾಸೇಜನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದ್ದರು. ಕೊನೆಗೆ ಒಂದು ಚಮಚ ವಿನೆಗರ್ ಹಾಕಿದರು. ಹುಣಸೆ ಹಿಂಡಿದ ಬೇಳೆಯ ಹಾಗೆ ನಾಲಿಗೆಗೆ ಹಿಡಿಸಿತು. ನನ್ನ ಜರ್ಮನ್ ವ್ಯಾಕರಣ ತಿದ್ದಿದ್ದೂ ಆ ಊಟದ ಮೇಜೇ.

ಆದರೆ ಸಂಜೆ ಏಳರ ಮೇಲೆ ಒಗ್ಗರಣೆ ಹಾಕುವ ಹಾಗಿಲ್ಲ. ಎಂಟೂವರೆಗೆ ಕೆಳಗಿನ ದೀಪ ಆರುತ್ತದೆ. ಭಾನುವಾರ ಅಂಗಡಿಯೂ ಇಲ್ಲ, ಊರಲ್ಲಿ ಮಾತಾಡಲು ಒಬ್ಬ ಗೆಳೆಯನೂ ಇಲ್ಲ. ಆಫೀಸು, ರೈಲು, ರೂಮು, ಮತ್ತೆ ಆಫೀಸು. ನವೆಂಬರ್‌ನಲ್ಲಿ ಐದಕ್ಕೇ ಕತ್ತಲಾಗುವ ದೇಶದಲ್ಲಿ ಆ ಏಕಾಂತ ನನಗೆ ಭಾರವಾಯಿತು. ಥೀಸಿಸ್ ಬರೆಯುವವರಿಗೆ ಇದೇ ಜಾಗ ಹೇಳಿ ಮಾಡಿಸಿದಂತಿರುತ್ತದೆ.

ಕೊನೆಗೆ ಸ್ಟುಟ್‌ಗಾರ್ಟ್ ಪಶ್ಚಿಮದಲ್ಲಿ, ಷ್ವಾಬ್‌ಸ್ಟ್ರಾಸೆ ಸ್ಟೇಷನ್ ಹತ್ತಿರದ ವೇಗೇ. ಸೇರುವುದೇ ಒಂದು ಇಂಟರ್‌ವ್ಯೂ. ಅಡುಗೆಮನೆ ಮೇಜಿನ ಮುಂದೆ ಟೀ ಕೊಟ್ಟು ಕೂರಿಸಿಕೊಂಡು ಎಲ್ಲ ಕೇಳಿದರು. ಅಡುಗೆ ಮಾಡ್ತೀರಾ? ನೆಂಟರು ಬರ್ತಾರಾ? ಪಾತ್ರೆ ಯಾವಾಗ ತೊಳೀತೀರಿ? ನಾನು ಆರಕ್ಕೆ ಏಳುವವನು ಎಂದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ಮುಖ ಅರಳಿತು. ಇನ್ನೊಬ್ಬ ಶಾಲೆ ಮೇಷ್ಟ್ರ ತರಬೇತಿಯಲ್ಲಿದ್ದವನು. ಇಬ್ಬರೂ ಬೆಳಗ್ಗೆ ಬೇಗ ಹೊರಡುವವರು.

ಖರ್ಚು ಜಾಸ್ತಿ, ಸುಳ್ಳು ಹೇಳುವುದಿಲ್ಲ. ರೂಮ್ ಬೋಳು, ಹಾಸಿಗೆ ಮೇಜು ಸೆಕೆಂಡ್‌ಹ್ಯಾಂಡ್ ಹುಡುಕಬೇಕು. ಡಿಪಾಜಿಟ್ ಬೇರೆ. ಹೀಟಿಂಗ್ ಇತ್ಯಾದಿ ಸೇರಿಸದ ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಮಗಿದೆ, ಬಹಳ ಜನ ಕೇಳುವುದೇ ಇಲ್ಲ. ಇಲ್ಲಿ ಪ್ರತಿ ಮನೆಯೂ ಕಟ್ಟಬೇಕಾದ ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಒಂದು ಮನೆಗೆ ಒಂದೇ. ಹಾಗಾಗಿ ವೇಗೇಯಲ್ಲಿ ಮೂರು ಪಾಲು. ಅಜ್ಜಿ ಮನೆಯಲ್ಲಿ ಅವರೇ ಕಟ್ಟುತ್ತಿದ್ದರು. ಹಾಸ್ಟೆಲ್‌ನಲ್ಲಿ ಮಾತ್ರ ಎಲ್ಲರೂ ಓಡಾಡುವ ಕಾರಿಡಾರಿಗೆ ಬಾಗಿಲಿದ್ದರೆ ಪ್ರತಿ ರೂಮೂ ಒಂದು ಮನೆಯೆಂದೇ ಲೆಕ್ಕ, ಪೂರ್ತಿ ಶುಲ್ಕ ಒಬ್ಬರ ಮೇಲೇ ಬೀಳುತ್ತದೆ. ಅಗ್ಗದ ರೂಮಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಈ ಸೀಮೆಯ ಇನ್ನೊಂದು ಪದ್ಧತಿ ಕೇರ್‌ವೋಖೆ, ಗುಡಿಸುವ ವಾರ. ಸರದಿ ಬಂದಾಗ ನಮ್ಮ ಬಾಗಿಲ ಹಿಡಿಗೆ ಒಂದು ಸಣ್ಣ ಹಲಗೆ ತೂಗುತ್ತದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿಯಾದರೆ ನೆಲಮಾಳಿಗೆ, ಮನೆ ಮುಂದಿನ ಕಾಲುದಾರಿಯೂ ನಮ್ಮದೇ. ಮುಗಿಸಿ ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ಸಿಕ್ಕಿಸಬೇಕು. ಮೊದಲ ಸಲ ನಾನು ಬಕೆಟ್ ಹಿಡಿದು ಮೆಟ್ಟಿಲಿಳಿದ ದಿನ, ಅದುವರೆಗೂ ಬರೀ ತಲೆಯಾಡಿಸುತ್ತಿದ್ದ ಕೆಳಮನೆಯವರು ನಿಂತು ಊರು ಯಾವುದು ಎಂದು ಕೇಳಿದರು. ಆಮೇಲೆ ನನ್ನ ಪಾರ್ಸೆಲ್‌ಗಳನ್ನೂ ತೆಗೆದಿಡತೊಡಗಿದರು.

ಅಡುಗೆಗೆ ಎಂಟೂವರೆವರೆಗೂ ಅಡ್ಡಿಯಿಲ್ಲ. ಊರಿಂದ ತಂದ ಮಿಕ್ಸಿಯನ್ನು ಮಾತ್ರ ಎಂಟಕ್ಕೆ ಮುಂಚೆ ತಿರುಗಿಸುತ್ತಿದ್ದೆ. ಹತ್ತರ ಮೇಲೆ ಸದ್ದು ಮಾಡಬಾರದೆಂಬ ನಿಯಮವಿದೆ, ಆದರೆ ನರ್ಸ್‌ಗೆ ಬೆಳಗಿನ ಪಾಳಿ ಇದ್ದರೆ ಅವಳು ಒಂಬತ್ತಕ್ಕೇ ಮಲಗುತ್ತಿದ್ದಳು. ಕೆಲಸ ಮುಗಿಸಿ ಬಂದು ಮೂವರೂ ಒಂದೇ ಹೊತ್ತಿಗೆ ಉಂಡು, ದಿನ ಹೇಗಿತ್ತು ಎಂದು ಹೇಳಿಕೊಂಡು ಮಲಗುವುದು. ನನಗೆ ಬೇಕಾಗಿದ್ದದ್ದು ಅದೇ. ಮೂರರಲ್ಲಿ ನನ್ನ ಆಯ್ಕೆ ವೇಗೇ, ದುಡ್ಡು ಹೆಚ್ಚಾದರೂ ಸರಿ.

ಆದರೆ ಊರಿಂದ ನೇರವಾಗಿ ಬಂದಿಳಿಯುವವರು ಮೊದಲ ತಿಂಗಳುಗಳಿಗೆ ಹಾಸ್ಟೆಲ್ಲೇ ನೋಡಿ, ನಮ್ಮ ಭಾಷೆಯವರು ಸಿಗುತ್ತಾರೆ. ಎಲ್ಲೇ ಆಗಲಿ, ಮನೆ ಬದಲಿಸಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕೇ ಬೇಕು. ಕೊಡುವುದಿಲ್ಲ ಎಂದರೆ ಆ ರೂಮ್ ಬೇಡ. ರೂಮ್ ತೋರಿಸದೆ ಡಿಪಾಜಿಟ್ ಕೇಳುವವರಿಗೆ ಒಂದು ಸೆಂಟೂ ಕಳಿಸಬೇಡಿ. ಇನ್ನು ನೋಡಲು ಹೋದಾಗ ಬಾಡಿಗೆಯ ಜೊತೆಗೆ ಇದನ್ನೂ ಕೇಳಿ: ಬೆಳಗ್ಗೆ ಆರರಿಂದ ಏಳರವರೆಗೆ ಬಚ್ಚಲು ಯಾರಿಗೆ ಬೇಕು, ಸಂಜೆ ಏಳಕ್ಕೆ ಒಲೆ ಖಾಲಿ ಇರುತ್ತದಾ?