ಜಾತಕ, ದಾಳ, ತಾಳಮದ್ದಳೆ: ನಾಲ್ಕು ಜನ, ಒಂದು ಕಥೆ

ಒಂದೂವರೆ ವರ್ಷದಿಂದ ನಾವು ನಾಲ್ಕು ಜನ ಸೇರಿ ಫೋನಿನಲ್ಲೇ ಒಂದು ಕಥೆ ಬರೆಯುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಪಾತ್ರದ ಮಾತು, ನಡೆ ನಾನೇ ಬರೆಯಬೇಕು. ಅದಕ್ಕೆ ಎದುರಿನವರು ತಮ್ಮ ಪಾತ್ರದ ಬಾಯಿಂದ ಉತ್ತರ ಕೊಡಬೇಕು. ನಾನು ಡೊಂಬಿವಲಿ, ಚಿಕ್ಕಮ್ಮನ ಮಗಳು ಭಾಂಡುಪ್. ನಮ್ಮದೇ ಬಿಲ್ಡಿಂಗಿನ ಒಬ್ಬರು ರಿಟೈರ್ಡ್ ಬ್ಯಾಂಕ್ ಮಾಮ, ಮತ್ತೆ ಥಾಣೆಯ ಒಬ್ಬ ಕಾಲೇಜು ಹುಡುಗ. ನನ್ನ ಬರವಣಿಗೆಯೆಲ್ಲ ಮುಂಬೈ ಲೋಕಲ್ ಟ್ರೇನಿನಲ್ಲಿ. ಮೂವರ ಬೆಂಚಿನ ತುದಿಯ ಫೋರ್ತ್ ಸೀಟಿನಲ್ಲಿ ಅರ್ಧ ಕೂತು, ಥಾಣೆಯಿಂದ ದಾದರ್ ಬರುವುದರೊಳಗೆ ಮುಗಿಸಬೇಕು.

ಕಥೆ 1982ರದು, ಮುಂಬೈಯ ಗಿರಣಿಗಳ ಜಾಗ ಪರೇಲ್‌ನದು. ಆ ವರ್ಷ ಜನವರಿ 18ಕ್ಕೆ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಕೂತರು. ನಮ್ಮ ಕಥೆಯಲ್ಲಿ ಗಿರಣಿ ಗೇಟಿನ ಎದುರು ಒಂದು ಉಡುಪಿ ಹೋಟೆಲ್. ಅದರ ಧಣಿ ಮಾಮನ ಪಾತ್ರ. ಹಗಲು ಗ್ಲಾಸು ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗುವ ಶೀನ ನನ್ನವನು. ಗಿರಣಿಯ ತುಕಾರಾಮ ಹುಡುಗನದು, ಖಾನಾವಳಿ ನಡೆಸುವ ಪಾರ್ವತಿಬಾಯಿ ತಂಗಿಯದು.

ಮೊದಲು ಮಾಡಿದ್ದು ಜಾತಕ ಪದ್ಧತಿ. ಹೆಸರು ನಾವೇ ಇಟ್ಟಿದ್ದು. ನೆಟ್‌ನಲ್ಲಿ ಸಿಗುವ ಉದ್ದದ ಫಾರ್ಮ್ ತುಂಬುವುದು: ವಯಸ್ಸು, ಎತ್ತರ, ಇಷ್ಟದ ತಿಂಡಿ, ಹೆದರಿಕೆ, ಚಿಕ್ಕಂದಿನ ನೋವು. ಶೀನನ ಬಗ್ಗೆ ಮೂರು ಪುಟ ಬರೆದೆ. ಬರೆಯುವಾಗ ಏನು ಖುಷಿ! ಆಟ ಶುರುವಾದ ಮೇಲೆ ಗೊತ್ತಾಯಿತು. ತುಕಾರಾಮ ಚಹಾ ಕೇಳುತ್ತಾನೆ. ಶೀನ ಗ್ಲಾಸು ಇಡುತ್ತಾ ಸತ್ತ ಅಪ್ಪನನ್ನು ನೆನೆಯುತ್ತಾನೆ. ತುಕಾರಾಮ ಗ್ಲಾಸು ಎತ್ತುತ್ತಾ ರತ್ನಾಗಿರಿಯ ಹಳ್ಳಿಯನ್ನು ನೆನೆಯುತ್ತಾನೆ. ಹನ್ನೊಂದು ಮೆಸೇಜ್ ಆಯಿತು, ಚಹಾ ಆರಿತು, ಒಬ್ಬರು ಇನ್ನೊಬ್ಬರನ್ನು ಏನೂ ಕೇಳಲಿಲ್ಲ. ಇನ್ನೊಂದು ತಮಾಷೆ: ಶೀನನಿಗೆ ಮರಾಠಿ ಎಷ್ಟು ಬರುತ್ತದೆ ಅನ್ನುವ ಪ್ರಶ್ನೆಯೇ ಆ ಫಾರ್ಮಿನಲ್ಲಿ ಇರಲಿಲ್ಲ. ಮುಂಬೈ ಕಥೆಗೆ ಮೊದಲು ಬೇಕಾದದ್ದು ಅದೇ ಅಲ್ವಾ?

ಆಮೇಲೆ ಮೂರು ಪುಟ ಹರಿದು ಎರಡು ಸಾಲಿಗೆ ಇಳಿದೆವು. ಈ ಪಾತ್ರಕ್ಕೆ ಯಾರಿಂದ ಏನು ಬೇಕು? ಯಾರಿಂದ ಏನು ಮುಚ್ಚಿಡುತ್ತಿದೆ? 'ಯಾರಿಂದ' ಅನ್ನುವುದನ್ನು ಬಿಡುವ ಹಾಗಿಲ್ಲ. ಸುಮ್ನೆ 'ದೊಡ್ಡ ಮನುಷ್ಯ ಆಗಬೇಕು' ಅಂತ ಬರೆದರೆ ಎದುರಿನವರಿಗೆ ಅದರಿಂದ ಮಾಡಲು ಕೆಲಸವೇ ಇರುವುದಿಲ್ಲ. ನಾನು ಬರೆದದ್ದು: ಶೀನನಿಗೆ ಧಣಿಯಿಂದ ಗಲ್ಲಾದ ಕೆಲಸ ಬೇಕು, ತನಗೆ ಓದಲು ಬರುತ್ತದೆ ಅನ್ನುವುದನ್ನು ಧಣಿಗೆ ಇನ್ನೂ ಹೇಳಿಲ್ಲ. ಮಾಮ ಬರೆದದ್ದು: ಧಣಿಗೆ ಗಿರಾಕಿಗಳಿಂದ ಉದ್ರಿ ವಸೂಲಾಗಬೇಕು, ಹೋಟೆಲ್ ಸಾಲಕ್ಕೆ ಸಿಕ್ಕಿರುವುದು ಆಳುಗಳಿಗೆ ಗೊತ್ತಾಗಬಾರದು. ಇದನ್ನು ನಾವು ಒಬ್ಬರಿಗೊಬ್ಬರು ತೋರಿಸಲಿಲ್ಲ.

ಮುಷ್ಕರದ ಎರಡನೇ ತಿಂಗಳು ಧಣಿ ಉದ್ರಿ ಪುಸ್ತಕ ಕೊಟ್ಟು ಶೀನನನ್ನು ತುಕಾರಾಮ ಇರುವ ಚಾಳಿಗೆ, ಅಂದರೆ ವಠಾರಕ್ಕೆ, ಕಳಿಸಿದರು.

"ತುಕಾರಾಮ್ ಭಾವೂ, ಧಣಿ ಕಳಿಸಿದ್ದಾರೆ. ನೂರ ನಲವತ್ತು ಆಗಿದೆ."

"ಪುಸ್ತಕ ನೋಡಿ ಹೇಳಿದೆಯಾ, ಬಾಯಿಪಾಠ ಮಾಡಿಕೊಂಡು ಬಂದೆಯಾ?"

ಹುಡುಗ ಕೇಳಿದ ಈ ಪ್ರಶ್ನೆಗೆ ನಾನು ಘಾಟ್‌ಕೋಪರ್‌ನಿಂದ ಕುರ್ಲಾವರೆಗೆ ಫೋನ್ ಹಿಡಿದು ಸುಮ್ಮನೆ ಕೂತಿದ್ದೆ. ಕೊನೆಗೆ ಶೀನ ಬಾಯಿಪಾಠ ಅಂದ. ಮೆಟ್ಟಿಲು ಇಳಿಯುವಾಗ ಮಾತ್ರ ಪುಸ್ತಕ ಬಿಚ್ಚಿದ. ಕೊನೆಯ ಪುಟದಲ್ಲಿ ಧಣಿಯ ಸ್ವಂತ ಸಾಲದ ಲೆಕ್ಕ. ಆ ಪುಟವನ್ನು ಬರೆದು ಕಳಿಸಿದವರು ಮಾಮ. ಓದಲು ಬಾರದವನ ಕೈಗೆ ಕೊಡುತ್ತಿದ್ದೇನೆ ಅಂತ ಧಣಿಯ ಧೈರ್ಯ! ಇದನ್ನು ಮೊದಲೇ ಕೂತು ಯೋಚಿಸಿದ್ದರೆ ನಮಗೆ ಹೊಳೆಯುತ್ತಿರಲಿಲ್ಲ.

ಪಾತ್ರ ಕಟ್ಟುವುದಕ್ಕೆ ಎರಡು ಸಾಲಿನಷ್ಟು ಒಳ್ಳೆಯ ದಾರಿ ನನಗಂತೂ ಸಿಕ್ಕಿಲ್ಲ. ಆದರೆ ಕಥೆ ಓಡಿಸಲು ಅದು ಸಾಲದು. ಗುಟ್ಟು ಬಿಡಲು ಯಾರಿಗೂ ಮನಸ್ಸಿಲ್ಲ. ಎರಡು ತಿಂಗಳು ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡಿದ್ದೇ ನೋಡಿದ್ದು. ನಿಜದ ಮುಷ್ಕರವನ್ನೂ ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ನಮ್ಮ ಕಥೆಗೂ ಅದೇ ಗತಿ ಬರುವ ಹಾಗಿತ್ತು.

ಹುಡುಗ ದಾಳ ತಂದ. ಎರಡು ಲೂಡೋ ದಾಳ ಉರುಳಿಸುವುದು. 10 ಅಥವಾ ಜಾಸ್ತಿ ಬಿದ್ದರೆ ಅಂದುಕೊಂಡದ್ದು ಆಗುತ್ತದೆ. 7ರಿಂದ 9 ಬಿದ್ದರೆ ಆಗುತ್ತದೆ, ಆದರೆ ಏನಾದರೂ ಕಳೆದುಕೊಳ್ಳಬೇಕು. 6 ಅಥವಾ ಕಮ್ಮಿ ಬಿದ್ದರೆ ಕೆಟ್ಟಿತು. ಲೆಕ್ಕ ಹಾಕಿದರೆ ಎರಡು ದಾಳ ಬೀಳುವ 36 ಬಗೆಯಲ್ಲಿ ಪೂರ್ತಿ ಗೆಲುವು 6 ಮಾತ್ರ, ಸೋಲು 15. ಇಂಥ ಆಟಗಳಲ್ಲಿ ಪಾತ್ರದ ಕೈಚಳಕ ನೋಡಿ ಒಂದೆರಡು ಅಂಕ ಕೂಡಿಸುತ್ತಾರೆ. ನಾವು ಅದನ್ನು ಬಿಟ್ಟೆವು. ಒಂದೇ ವಾರದಲ್ಲಿ ಧಣಿ ಮೂರು ಸಲ ಅಡುಗೆಮನೆಯಲ್ಲಿ ಜಾರಿ ಬಿದ್ದರು. "ನಾನು ಧಣಿಯೋ, ಕೋಡಂಗಿಯೋ?" ಅಂತ ಮಾಮ ಲಿಫ್ಟ್‌ನಲ್ಲೇ ಜಗಳಕ್ಕೆ ಬಂದರು. ದಾಳವನ್ನು ಈಗಲೂ ಇಟ್ಟುಕೊಂಡಿದ್ದೇವೆ, ಹೊರಗಿನ ಸಂಗತಿಗೆ ಮಾತ್ರ: ಮಳೆ ಬಂತಾ, ಪೊಲೀಸ್ ಬಂದರಾ, ಹಾಲಿನವನು ಬಂದನಾ. ಮನುಷ್ಯರ ಮನಸ್ಸನ್ನು ದಾಳಕ್ಕೆ ಬಿಡುವುದಿಲ್ಲ.

ದಾರಿ ತೋರಿಸಿದ್ದು ಮಾಮನೇ. ಅವರು ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ಭಾಗವತರು ಯಕ್ಷಗಾನದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಆ ಪದ್ಯಕ್ಕೆ ತಮ್ಮದೇ ಮಾತು ಕಟ್ಟುತ್ತಾರೆ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ತಾಳಮದ್ದಳೆ ಮಾಡಿದರೆ ಒಂದನ್ನೂ ಬಿಡುವುದಿಲ್ಲ. "ಅಲ್ಲಮ್ಮಾ, ನಾವು ಮಾಡುತ್ತಿರುವುದು ಇದನ್ನೇ ಅಲ್ವಾ? ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೆ ಬಾಣ ತಿಂದ ವಾಲಿ ರಾಮನನ್ನು ಏನು ಕೇಳುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ" ಅಂದರು.

ಹಾಗಾಗಿ ಈಗ ತಿಂಗಳಿಗೊಬ್ಬರು ಭಾಗವತ. ಆ ತಿಂಗಳ ನಾಲ್ಕು ಘಟನೆಗಳನ್ನು ಅವರು ಒಂದೊಂದು ಸಾಲಿನಲ್ಲಿ ಬರೆದು ಗ್ರೂಪಿಗೆ ಹಾಕುತ್ತಾರೆ. ಅವೇ ನಮ್ಮ ಪದ್ಯ, ಬದಲಾಯಿಸುವ ಹಾಗಿಲ್ಲ. 'ಹೋಟೆಲಿಗೆ ಬೀಗ ಬೀಳುತ್ತದೆ' ಅಂತಿದ್ದರೆ ಬಿದ್ದೇ ಬೀಳುತ್ತದೆ. ಕೀಲಿ ಯಾರ ಕೈಯಲ್ಲಿ ಇತ್ತು ಅನ್ನುವುದು ನಮಗೆ ಬಿಟ್ಟದ್ದು. ಎರಡು ಕಟ್ಟುನಿಟ್ಟು ಇವೆ. ಎದುರು ಪಾತ್ರದ ಬಾಯಲ್ಲಿ ನಾವು ಮಾತು ಹಾಕಬಾರದು. ಪ್ರತಿ ಮೆಸೇಜಿನ ಕೊನೆಗೆ ಎದುರಿನವರಿಗೆ ಹಿಡಿಯಲು ಏನಾದರೂ ಬಿಡಬೇಕು, ಒಂದು ಪ್ರಶ್ನೆಯೋ, ಚಾಚಿದ ಕೈಯೋ. ತೊಂದರೆಯೂ ಇದೆ. ಮಾಮನ ಪೀಠಿಕೆ ಶುರುವಾದರೆ ಹರಿಶ್ಚಂದ್ರನಿಂದ ಶುರು. ಅದಕ್ಕೇ ನೂರೈವತ್ತು ಪದದ ಮಿತಿ. ತಂಗಿಗೆ ಅಂತ್ಯ ಮೊದಲೇ ಗೊತ್ತಿದ್ದರೆ ಸಪ್ಪೆ ಅನ್ನಿಸುತ್ತದೆ, ಅವಳ ಓಟು ಇನ್ನೂ ದಾಳಕ್ಕೇ.

ಇಬ್ಬರೇ ಬರೆಯುವುದಾದರೆ ಎರಡು ಸಾಲು ಸಾಕು, ಭಾಗವತರು ಬೇಡ. ಮೂರು ಜನ ದಾಟಿದರೆ ಪದ್ಯ ಬೇಕೇ ಬೇಕು. ಉದ್ದದ ಫಾರ್ಮನ್ನು ಕಥೆ ಅರ್ಧ ಆದ ಮೇಲೆ ತುಂಬಿ, ಮರೆಯದಿರಲು ಆಗುತ್ತದೆ.

ಕಳೆದ ತಿಂಗಳ ಕೊನೆಯ ಪದ್ಯ ಬೀಗದ್ದು. ಗಿರಾಕಿ ಇಲ್ಲದ ಹೋಟೆಲಿನಲ್ಲಿ ಶೀನ ಉದ್ರಿ ಪುಸ್ತಕ ಬಿಚ್ಚಿ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಲು ಶುರು ಮಾಡಿದ. ತುಕಾರಾಮನ ಹೆಸರು ಆಯಿತು. ಕೊನೆಯ ಪುಟ ತಿರುವಿದ. ಮಾಮನ ಉತ್ತರ ಬಂದದ್ದು ಎರಡು ದಿನ ಬಿಟ್ಟು, ಒಂದೇ ಸಾಲು.

"ಅದನ್ನೂ ಓದು, ಮಗಾ. ನಿನ್ನ ಸಂಬಳ ಅದರಲ್ಲೇ ಬರೆದಿದೆ."