ಬಸವನಗುಡಿ, ಮಲ್ಲೇಶ್ವರದ ಹಳೆಯ ಬಂಗಲೆಗೆ ಮುಂಗಡ ಕೊಡುವ ಮುನ್ನ ಇದನ್ನು ಓದಿ

ಬಸವನಗುಡಿಯಲ್ಲಿ ಮಾರಾಟಕ್ಕೆ ಬಂದಿದ್ದ ಹಳೆಯ ಬಂಗಲೆಯೊಂದಕ್ಕೆ ಕರಾರು ಮಾಡಿಕೊಂಡು ದೊಡ್ಡ ಮೊತ್ತದ ಮುಂಗಡ ಕೊಟ್ಟ ಕುಟುಂಬವೊಂದು ಈಗ ಸಿವಿಲ್ ಕೋರ್ಟಿಗೆ ಅಲೆಯುತ್ತಿದೆ. ಮನೆ ಕೈಗೆ ಬಂದಿಲ್ಲ, ಹಣ ವಾಪಸಾಗಿಲ್ಲ. ಮಾರಲು ಹೊರಟವರು ಮೋಸಗಾರರೇನಲ್ಲ, ಹುಟ್ಟಿ ಬೆಳೆದ ಮನೆಯನ್ನೇ ಮಾರುತ್ತಿದ್ದರು. ಕೊಳ್ಳುವವರೂ ವಕೀಲರ ಕೈಲಿ ಪತ್ರ ನೋಡಿಸಿಯೇ ಮುಂದುವರಿದಿದ್ದರು. ಹೀಗಿದ್ದೂ ಎಡವಿದ್ದು ಎಲ್ಲಿ ಎಂದು ಬಿಡಿಸಿ ಬರೆಯಬೇಕಾಗಿದೆ. ಅಂಥದೇ ಮನೆಗಳು, ಅಂಥದೇ ಪತ್ರಗಳು ಆ ರಸ್ತೆಗಳಲ್ಲಿ ಇನ್ನೂ ಮಾರಾಟಕ್ಕೆ ಬರುತ್ತಿವೆ.

1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಡಾವಣೆಗಳಿವು. ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳ ಮಂಕಿ ಟಾಪ್, ಮುಂದೆ ಜಗಲಿ, ಒಳಗೆ ರೆಡ್ ಆಕ್ಸೈಡ್ ನೆಲ, ಒಂದೂವರೆ ಅಡಿ ದಪ್ಪದ ಗೋಡೆ, ಮೇಲೆ ಮದ್ರಾಸ್ ತಾರಸಿ. ನೋಡಿದವರ ಮನಸ್ಸು ಸೋಲುವುದು ಸಹಜ, ಇಂಥ ಮನೆ ಉಳಿಯಬೇಕೆಂಬ ಆಸೆ ನಮಗೂ ಇದೆ. ಆದರೆ ಆ ಚೆಲುವಿಗೆ ಸೋತು ಅವಸರದಲ್ಲಿ ಮುಂಗಡ ಕೊಡಬೇಡಿ.

ಮೊದಲ ಪೆಟ್ಟು ಬಿದ್ದದ್ದು ಹಕ್ಕಿನ ವಿಚಾರದಲ್ಲಿ. ಮನೆ ಮಾರುವವರ ಮನೆತನದ ಅಜ್ಜನ ಸ್ವಯಾರ್ಜಿತ, ಅಂದರೆ ಅವರೇ ಸಂಪಾದಿಸಿದ್ದು. ಅವರು 1971ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋಗಿದ್ದ ಮೂವರು ಹೆಣ್ಣುಮಕ್ಕಳು ಉಳಿದರು. ಗಂಡುಮಕ್ಕಳಿಬ್ಬರು ಛಾಪಾ ಕಾಗದದ ಮೇಲೆ ಪಾಲುಪಾರಿಕತ್ತು (ಆಸ್ತಿ ಹಂಚಿಕೆಯ ಪತ್ರ) ಬರೆದುಕೊಂಡರು, ನೋಂದಣಿ ಮಾಡಿಸಲಿಲ್ಲ. ಕಂದಾಯದ ಖಾತೆ ಹಿರಿಯ ಮಗನ ಹೆಸರಿಗಾಯಿತು. ಅಲ್ಲಿಂದಾಚೆಗೆ ಕಂದಾಯದ ರಸೀದಿಗಳೆಲ್ಲ ಕ್ರಮವಾಗಿವೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಒಂದು ಸಾಲವೂ ಕಾಣುವುದಿಲ್ಲ, ಇ-ಖಾತಾ ಕೂಡ ಬಂದಿದೆ. ಬ್ರೋಕರ್ ಹೇಳಿದ್ದು ಇಷ್ಟೇ: "ಅಕ್ಕತಂಗಿಯರಿಗೆಲ್ಲ ಮದುವೆಯಲ್ಲೇ ಕೊಟ್ಟಾಗಿದೆ ಸಾರ್, ಅವರ್ಯಾರೂ ತಕರಾರು ತೆಗೆಯಲ್ಲ."

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಿಂದಲೇ ಜಾರಿಯಲ್ಲಿದೆ. ಸ್ವಯಾರ್ಜಿತ ಆಸ್ತಿ ಬಿಟ್ಟು ವಿಲ್ ಇಲ್ಲದೆ ತೀರಿಕೊಂಡವರ ಹೆಂಡತಿಗೂ ಪ್ರತಿಯೊಬ್ಬ ಮಗ ಮಗಳಿಗೂ ಸಮಪಾಲು. ಇಲ್ಲಿ ಆರು ಜನಕ್ಕೆ ಆರರಲ್ಲೊಂದು. ಮುಂದೆ ಅಜ್ಜಿಯೂ ವಿಲ್ ಬರೆಯದೆ ಹೋದಾಗ ಅವರ ಪಾಲು ಐವರು ಮಕ್ಕಳಿಗೆ ಹಂಚಿ, ತಲಾ ಐದರಲ್ಲೊಂದು. ಅಂದರೆ ಐದರಲ್ಲಿ ಮೂರು ಪಾಲು ಹೆಣ್ಣುಮಕ್ಕಳದ್ದು, ಅವರಿಲ್ಲದಿದ್ದರೆ ಅವರ ವಾರಸುದಾರರದ್ದು. ಮಾರಲು ಹೊರಟವರ ಕೈಲಿದ್ದದ್ದು ಐದರಲ್ಲಿ ಎರಡೇ ಪಾಲು.

ಇಲ್ಲಿ ಇದೇ ಕಾಯ್ದೆಯ 2005ರ ತಿದ್ದುಪಡಿಯನ್ನು ಎಳೆದು ತಂದು ಗೊಂದಲ ಮಾಡುವವರು ಬಹಳ. "ಅದಕ್ಕೂ ಮುಂಚೆ ಮದುವೆಯಾದವರಿಗೆ ಪಾಲಿಲ್ಲ" ಎಂದು ಧೈರ್ಯವಾಗಿ ಹೇಳುತ್ತಾರೆ. ಆ ತಿದ್ದುಪಡಿಯ ಚರ್ಚೆ ಪಿತ್ರಾರ್ಜಿತ, ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ಅಲ್ಲೂ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳ ಪರವಾಗಿಯೇ ಹೇಳಿದೆ: ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ, ಹುಟ್ಟಿನಿಂದಲೇ ಹಕ್ಕು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತು ಬೇರೆ. ನೋಂದಣಿಯಾಗದ ಹಳೆಯ ಪಾರಿಕತ್ತನ್ನು ನಂಬಿ ಕೋಟಿಗಟ್ಟಲೆ ಹಣ ಕಟ್ಟಬಾರದು.

ಖಾತೆ ಇರುವುದು ಕಂದಾಯ ಕಟ್ಟಲು, ಅದರಿಂದ ಮಾಲೀಕತ್ವ ಸಾಬೀತಾಗುವುದಿಲ್ಲ. ಇ.ಸಿ.ಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಬಾಯಿಮಾತಿನ ಪಾಲು, ನೋಂದಣಿಯಾಗದ ವಿಲ್, ಕೋರ್ಟಿನಲ್ಲಿರುವ ದಾವೆ ಯಾವುದೂ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಿಂದಲೇ ತೆಗೆಸಬೇಕು. ಮೂವತ್ತು ವರ್ಷದ ಇ.ಸಿ. ಸಾಕು ಎಂಬ ರೂಢಿ ಇಂಥ ಮನೆಗೆ ಸಾಲದು. ಕೊನೆಯ ಬಾರಿ ಶುದ್ಧ ಕ್ರಯಪತ್ರ ಆದದ್ದು ಯಾವಾಗಲೋ ಅಲ್ಲಿಂದ ಇಲ್ಲಿಯತನಕ ನೋಡಬೇಕು, ಅದು ಎಪ್ಪತ್ತು ವರ್ಷವಾದರೂ ಸರಿ.

ಆದ್ದರಿಂದ ಮೊದಲು ಕೇಳಬೇಕಾದ್ದು ವಂಶವೃಕ್ಷ. ಮಾರುವವರಿಂದ ಶುರುವಾಗುವುದಲ್ಲ, ಕ್ರಯಪತ್ರದಲ್ಲಿ ಹೆಸರಿರುವ ಅಜ್ಜನಿಂದ ಶುರುವಾಗುವುದು. ತೀರಿಕೊಂಡ ಪ್ರತಿಯೊಬ್ಬರ ಮರಣ ಪ್ರಮಾಣಪತ್ರ ಜೊತೆಗಿರಬೇಕು, ಅವರ ಹೆಂಡತಿ ಮಕ್ಕಳ ಹೆಸರು ವಂಶವೃಕ್ಷದಲ್ಲಿರಬೇಕು. ಹೆಣ್ಣುಮಕ್ಕಳು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು, ಇಲ್ಲವೇ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸಹಿ ಹಾಕಬೇಕು. ಸಾಕ್ಷಿಯ ಜಾಗದಲ್ಲಿ ಹಾಕಿಸಿದ ಸಹಿಯಿಂದ ಅವರ ಪಾಲು ನಿಮಗೆ ಬರುವುದಿಲ್ಲ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕೇ ಎಂಬುದನ್ನು ವಕೀಲರಿಂದ ಬರವಣಿಗೆಯಲ್ಲೇ ಪಡೆಯಿರಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ವಾರಸುದಾರರು ಈ ಬಡಾವಣೆಗಳ ಮನೆಮನೆಯಲ್ಲೂ ಇದ್ದಾರೆ. ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಅಧಿಕಾರ ಕೊಟ್ಟು ಅವರು ಕಳಿಸುವ ಮುಖ್ತ್ಯಾರ್‌ನಾಮೆಗೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಇಲ್ಲವೇ ಅಪಾಸ್ಟಿಲ್ (ಆ ದೇಶದ ಸರ್ಕಾರದ ದೃಢೀಕರಣ ಮುದ್ರೆ) ಆಗಿರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಬರೆದುಕೊಟ್ಟವರು ತೀರಿಕೊಂಡರೆ ಅದು ಅಲ್ಲಿಗೇ ಮುಗಿಯಿತು, ಆದ್ದರಿಂದ ನೋಂದಣಿಯ ದಿನ ಅವರನ್ನು ವಿಡಿಯೊ ಕರೆಯಲ್ಲಿ ನೋಡಿಬಿಡಿ.

"ಅಣ್ಣಂದಿರ ಪಾಲನ್ನಾದರೂ ಈಗ ಬರೆಸಿಕೊಳ್ಳಿ, ಉಳಿದದ್ದು ಆಮೇಲೆ ನೋಡೋಣ" ಎಂಬ ಸಲಹೆಯೂ ಈ ಕುಟುಂಬಕ್ಕೆ ಬಂತು. ಇದನ್ನಂತೂ ಮಾಡಲೇಬೇಡಿ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನ ಪ್ರಕಾರ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲು ಕೊಂಡ ಹೊರಗಿನವರಿಗೆ ಆ ಮನೆಯಲ್ಲಿ ಜಂಟಿ ಸ್ವಾಧೀನ ಸಿಗುವುದಿಲ್ಲ. ವಿಭಾಗಕ್ಕೆ ದಾವೆ ಹೂಡಿ ಕೂರಬೇಕು. ಆಗ ಮನೆಯವರು ನಿಮ್ಮ ಪಾಲನ್ನು ಕೋರ್ಟ್ ನಿಗದಿ ಮಾಡಿದ ಬೆಲೆಗೆ ಕೊಂಡುಕೊಳ್ಳಲು ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ.

ಜಾಗದ ಅಳತೆಯಲ್ಲೂ ಮೋಸ ಹೋಗುವುದುಂಟು. ಈ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಮಲ ಸಾಗಿಸಲೆಂದು ಕನ್ಸರ್ವೆನ್ಸಿ ಓಣಿ ಬಿಟ್ಟಿದ್ದರು. ಒಳಚರಂಡಿ ಬಂದ ಮೇಲೆ ಎಷ್ಟೋ ಕಡೆ ಕಾಂಪೌಂಡು ಹಿಂದಕ್ಕೆ ಸರಿದು ಓಣಿಯನ್ನು ನುಂಗಿದೆ. ಅರವತ್ತಡಿ ಅಗಲದ ನಿವೇಶನದಲ್ಲಿ ಹಿಂದಕ್ಕೆ ಎಂಟಡಿ ಸೇರಿಸಿದರೆ 480 ಚದರಡಿ. ಅದು ಪಾಲಿಕೆಯ ಜಾಗ, ನೀವು ಅದಕ್ಕೂ ಬಸವನಗುಡಿಯ ಬೆಲೆ ಕೊಡುತ್ತೀರಿ. ಮೂಲಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ, ಹಿಂದೆ "ಕನ್ಸರ್ವೆನ್ಸಿ" ಎಂದಿದ್ದರೆ ಟೇಪು ಹಿಡಿದು ನಾಲ್ಕೂ ಕಡೆ ಅಳೆಯಿಸಿ.

ಇನ್ನು ಕಟ್ಟಡ. ಮಾರಾಟಕ್ಕೆ ಮುನ್ನ ಮನೆಗೆ ಹೊಸ ಬಣ್ಣ ಹೊಡೆಸಿ, ಚಾವಣಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆ ಹಾಕಿಸಿದ್ದರು. ಅದು ಅಲಂಕಾರವೆಂದು ಎಲ್ಲರೂ ಮೆಚ್ಚಿದರು. ಒಂದು ಹಲಗೆ ಬಿಚ್ಚಿದಾಗ ಕಂಡದ್ದು ಹೀಗಿತ್ತು: ಚಾವಣಿ ಹೊತ್ತ ಮರದ ಜಂತೆ ನಡುವೆ ಗಟ್ಟಿಯಾಗಿ, ಬಡಿದರೆ ಖಣ್ ಎನ್ನುವಂತಿತ್ತು. ಗೋಡೆಗೆ ಸೇರುವ ಕಡೆ ಕಪ್ಪಾಗಿ, ಸ್ಕ್ರೂಡ್ರೈವರ್ ಒತ್ತಿದರೆ ಎರಡಿಂಚು ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಯಲ್ಲಿ ಒದ್ದೆ ಹುಡಿ, ಪಕ್ಕದಲ್ಲಿ ಗೆದ್ದಲಿನ ಮಣ್ಣಿನ ದಾರಿ.

ಇದಕ್ಕೆ ಕಾರಣ ಮದ್ರಾಸ್ ತಾರಸಿಯ ರಚನೆಯಲ್ಲೇ ಇದೆ. ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು ಬಡಿದು, ಕೊನೆಗೆ ಚಪ್ಪಟೆ ಹೆಂಚು ಹಾಸುತ್ತಾರೆ. ಸುಣ್ಣದಲ್ಲಿ ನೀರು ಸ್ವಲ್ಪ ಇಳಿದರೂ ಆವಿಯಾಗಿ ಹೊರಗೆ ಹೋಗುತ್ತದೆ. ಸೋರಿತೆಂದು ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ದಾರಿ ಇಲ್ಲ, ಅದು ಗೋಡೆಯೊಳಗೆ ಹೂತ ಜಂತೆಯ ತುದಿಗೆ ಇಳಿಯುತ್ತದೆ. ಭಾರವೂ ಏರುತ್ತದೆ: ಎರಡಿಂಚು ಸಿಮೆಂಟು ಗಾರೆ ಎಂದರೆ ಚದರ ಮೀಟರಿಗೆ ಸುಮಾರು 110 ಕೆ.ಜಿ. 12ಕ್ಕೆ 16 ಅಡಿಯ ಒಂದು ಕೋಣೆಯ ಮೇಲೆ ಹತ್ತಿರಹತ್ತಿರ ಎರಡು ಟನ್. ತುದಿ ಕೊಳೆತ ಜಂತೆಗಳ ಮೇಲೆ ಅಷ್ಟು ಭಾರ.

ಹೀಗಾಗಿ ಮೇಲೆ ಹತ್ತಿ ತಾರಸಿಯ ಅಂಚಿನಲ್ಲಿ ಸಿಮೆಂಟಿನ ಪದರ ಎಷ್ಟು ದಪ್ಪ ಇದೆ ಎಂದು ನೋಡಿ. ಫಾಲ್ಸ್ ಸೀಲಿಂಗ್ ಇದ್ದರೆ ಪ್ರತಿ ಕೋಣೆಯಲ್ಲೂ ಎದುರುಬದುರು ಗೋಡೆಯ ಹತ್ತಿರ ಒಂದೊಂದು ಹಲಗೆ ಬಿಚ್ಚಿಸಿ. ಸ್ನಾನದ ಮನೆ ಮತ್ತು ಮಳೆನೀರಿನ ಕೊಳವೆ ಇರುವ ಗೋಡೆಯ ಕಡೆ ಎಲ್ಲ ಜಂತೆಯ ತುದಿಯನ್ನೂ ಚುಚ್ಚಿ ನೋಡಿಸಿ. ತೇವ ಅಳೆಯುವ ಮೀಟರಿನಲ್ಲಿ ಮರದ ತೇವ ಶೇ 20 ದಾಟಿದ್ದರೆ ಅಲ್ಲಿ ಕೊಳೆ ಹಿಡಿಯುವ ಅಪಾಯವಿದೆ. ಗೋಡೆಯ ಬುಡದ ಮೂರಡಿಯಲ್ಲಿ ಬಣ್ಣ ಗುಳ್ಳೆ ಎದ್ದು ಬಿಳಿ ಉಪ್ಪು ಕಂಡರೆ, ಸುಣ್ಣದ ಗೋಡೆಗೆ ಸಿಮೆಂಟು ಗಿಲಾವು ಮಾಡಿದ್ದಾರೆಂದೇ ಶಂಕಿಸಿ. ಅದನ್ನು ಕೆತ್ತಿ ತೆಗೆದು ಮತ್ತೆ ಸುಣ್ಣದಲ್ಲೇ ಮಾಡಿಸಬೇಕು. ಕೊಳೆತ ತುದಿಯನ್ನು ಕತ್ತರಿಸಿ ಹೊಸ ಮರ ಕೂಡಿಸಬಹುದು, ಉಕ್ಕಿನ ಆಸರೆ ಕೊಡಬಹುದು. ಮನೆ ಉಳಿಯುತ್ತದೆ, ಆದರೆ ಆ ಖರ್ಚು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಬರಬೇಕು. ಬಟ್ಟೆ ಸುತ್ತಿದ ಹಳೆಯ ವೈರಿಂಗ್, ತುಕ್ಕು ಹಿಡಿದ ಜಿ.ಐ. ಪೈಪು ಪೂರ್ತಿ ಬದಲಾಗಲೇಬೇಕು. ಬೆಂಗಳೂರಿನ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಿನದು, ಮನೆ ನೋಡಲು ಅದೇ ಸರಿಯಾದ ಕಾಲ.

ಹಣದ ಲೆಕ್ಕ ಚಿಕ್ಕದು, ಆದರೆ ಮೊದಲೇ ಗೊತ್ತಿರಲಿ. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲದಲ್ಲಿ ಬ್ಯಾಂಕು ಮೌಲ್ಯದ ಶೇ 75ರಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಳೆಯ ಕಟ್ಟಡಕ್ಕೆ ಮೌಲ್ಯಮಾಪಕರು ಹೆಚ್ಚೇನೂ ಬೆಲೆ ಕಟ್ಟುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಅದಕ್ಕೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 7.6, ಹತ್ತು ಕೋಟಿಯ ಮನೆಗೆ 76 ಲಕ್ಷ.

ಕರಾರಿನ ಬಗ್ಗೆ ಕೊನೆಯದಾಗಿ. ಈ ಕುಟುಂಬದ ಕರಾರಿನಲ್ಲಿ "ಮೂರು ತಿಂಗಳೊಳಗೆ ಕ್ರಯ ಆಗದಿದ್ದರೆ ಮುಂಗಡ ಮುಟ್ಟುಗೋಲು" ಎಂದಿತ್ತು, ತಡ ಯಾರಿಂದ ಆದರೆ ಎಂದು ಬರೆದಿರಲಿಲ್ಲ. ಮಾರುವವರ ಅಕ್ಕನ ಮಕ್ಕಳು ದಾವೆ ಹಾಕಿ ತಡೆಯಾಜ್ಞೆ ತಂದರು, ಮೂರು ತಿಂಗಳು ಕಳೆಯಿತು, ಮುಂಗಡ ತಮ್ಮದೇ ಎಂದು ಮಾರುವವರು ಪಟ್ಟು ಹಿಡಿದಿದ್ದಾರೆ. ದಾವೆಯ ನಡುವೆ ಕೊಂಡರೂ ತೀರ್ಪಿಗೆ ಕೊಂಡವರೇ ಬದ್ಧರು. ನಿಮ್ಮ ಕರಾರಿನಲ್ಲಿ ಹೀಗೆ ಬರೆಸಿ: ಎಲ್ಲ ವಾರಸುದಾರರ ಸಹಿ ತರುವ ಹೊಣೆ ಮಾರುವವರದು, ಚಾವಣಿ ಬಿಚ್ಚಿ ನೋಡಲು ಎಂಜಿನಿಯರಿಗೆ ಅವಕಾಶ ಕೊಡಬೇಕು, ಹಕ್ಕಿನಲ್ಲಿ ದೋಷವೋ ದಾವೆಯೋ ಕಂಡುಬಂದರೆ ಮುಂಗಡ ಇಂತಿಷ್ಟು ದಿನದೊಳಗೆ ಪೂರ್ತಿ ವಾಪಸು. ಕರಾರನ್ನು ನೋಂದಣಿ ಮಾಡಿಸಿ, ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರಿನ ಅವಧಿ ಮುಗಿಯುವತನಕ ಟೋಕನ್ ಮೊತ್ತಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಡಿ.